ಆನೆ, ರಾಗಿ ಹೊಲ ಮತ್ತು ಐದನೆಯ ಆಜ್ಞೆ

"ಸ್ವಾಮಿ, ಹೊಲದ ಬೇಲಿಗೆ ಕರೆಂಟು ಬಿಟ್ಟರೆ ಪಾಪವೇ?"

ರಾಗಿ ತೆನೆ ಕಟ್ಟುವ ಕಾಲ ಬಂತೆಂದರೆ ಕೆಂಪಾಪುರದ ಸುತ್ತಮುತ್ತ ಮಾತ್ರವಲ್ಲ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲೆಲ್ಲ ಗುರುಗಳಾದವರ ಮುಂದೆ ಬರುವ ಪ್ರಶ್ನೆ ಇದು. ಕೆಲವರು ಬಲಿಪೂಜೆ ಮುಗಿದ ಮೇಲೆ ದೇವಾಲಯದ ಜಗಲಿಯಲ್ಲಿ ನಿಂತು ಕೇಳುತ್ತಾರೆ. ಹಲವರು ಕೇಳುವುದೇ ಇಲ್ಲ, ತಂತಿ ಎಳೆದುಬಿಡುತ್ತಾರೆ.

ಪ್ರಶ್ನೆಗೆ "ಹೌದು, ಪಾಪ" ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಬಹುದು. ಆದರೆ ಆರು ತಿಂಗಳ ಬೆವರು ಒಂದೇ ರಾತ್ರಿಯಲ್ಲಿ ಆನೆಯ ಕಾಲಡಿ ಹೋದ ರೈತನಿಗೆ ಅಷ್ಟೇ ಹೇಳಿ ಕಳುಹಿಸುವುದು ನ್ಯಾಯವಲ್ಲ. ಬೇಡ ಎಂದು ಹೇಳುವವರು ಬದಲಿಗೆ ಏನು ಮಾಡಬೇಕೆಂಬುದನ್ನೂ ಹೇಳಬೇಕು. ಆದುದರಿಂದ ಪ್ರಿಯ ವಿಶ್ವಾಸಿಗಳೇ, ಈ ವಾರದ ಅಧ್ಯಯನಕ್ಕೆ ಪವಿತ್ರ ಬೈಬಲನ್ನು ಹತ್ತಿರವಿಟ್ಟುಕೊಳ್ಳಿ. ಆದಿಕಾಂಡದ ಮೊದಲ ಎರಡು ಅಧ್ಯಾಯಗಳು ಹಾಗೂ ಒಂಬತ್ತನೆಯದು, 104ನೆಯ ಕೀರ್ತನೆ, ವಿಮೋಚನಾಕಾಂಡದ 21ರಿಂದ 23ನೆಯ ಅಧ್ಯಾಯಗಳು ನಮಗೆ ಬೇಕಾಗುತ್ತವೆ.

ಆನೆ ಏಕೆ ಬರುತ್ತದೆ?

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಒಂದು ಪಾಠವನ್ನು ಮತ್ತೆ ಮತ್ತೆ ಹೇಳಿಕೊಡುತ್ತಿದ್ದರು: ಯಾವುದೇ ಘಟನೆಗೆ ಹತ್ತಿರದ ಕಾರಣ ಬೇರೆ, ದೂರದ ಕಾರಣ ಬೇರೆ; ಹತ್ತಿರದ್ದನ್ನು ಕಂಡು ದೂರದ್ದನ್ನು ಮರೆಯಬಾರದು. ಆನೆಯ ವಿಷಯದಲ್ಲಿ ಹತ್ತಿರದ ಕಾರಣ ಎಲ್ಲರಿಗೂ ಗೊತ್ತು, ಹಸಿವು. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು, ನೂರು ಲೀಟರಿಗೂ ಹೆಚ್ಚು ನೀರು ಬೇಕು. ದಿನದ ಬಹುಪಾಲು ಹೊತ್ತನ್ನು ಅದು ತಿನ್ನುವುದರಲ್ಲೇ ಕಳೆಯುತ್ತದೆ. ಕಾಡಿನ ಒಣ ಹುಲ್ಲನ್ನು ಅಷ್ಟು ಹೊತ್ತು ಮೇಯುವ ಬದಲು ಕಾಳು ಕಟ್ಟಿದ ರಾಗಿಯನ್ನು ಒಂದೆರಡು ಗಂಟೆ ಮೇದರೆ ಸಿಗುವ ಸತ್ವವೇ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ರಾಮನ್ ಸುಕುಮಾರ್ ಅವರು 1980ರ ದಶಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸುತ್ತಿನ ಕಾಡಂಚಿನಲ್ಲಿ ಆನೆಗಳನ್ನು ವರ್ಷಗಟ್ಟಲೆ ಗಮನಿಸಿ ಎರಡು ಸಂಗತಿಗಳನ್ನು ತೋರಿಸಿಕೊಟ್ಟರು. ಒಂದು, ಹೊಲದ ಬೆಳೆ ಕಾಡಿನ ಮೇವಿಗಿಂತ ಪುಷ್ಟಿಕರ ಎಂಬುದನ್ನು ಆನೆ ಬಲ್ಲದು. ಎರಡು, ಹೊಲಕ್ಕೆ ಹೆಚ್ಚಾಗಿ ನುಗ್ಗುವುದು ಗಂಡಾನೆ. ಮರಿಗಳನ್ನು ಕಟ್ಟಿಕೊಂಡ ಹೆಣ್ಣಾನೆಯ ಹಿಂಡು ಅಪಾಯಕ್ಕೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಹರೆಯಕ್ಕೆ ಬಂದು ತಾಯಿಯ ಹಿಂಡನ್ನು ಬಿಟ್ಟ ಗಂಡು ಮಾತ್ರ ಮೈ ಬೆಳೆಸಿಕೊಳ್ಳುವ ಆಸೆಗೆ ಪ್ರಾಣವನ್ನೇ ಪಣಕ್ಕಿಡುತ್ತದೆ. (ನಮ್ಮ ಮನೆಗಳಲ್ಲೂ ಹೆಚ್ಚು ಬೇರೆಯೇನಿಲ್ಲ ಎಂದು ತಾಯಂದಿರು ನಗಬಹುದು.)

ಈಗ ದೂರದ ಕಾರಣಗಳು. ನಮ್ಮ ಸೀಮೆಯ ನಕ್ಷೆಯನ್ನು ಮನಸ್ಸಿಗೆ ತಂದುಕೊಳ್ಳಿ. ಪೂರ್ವಕ್ಕೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ, 1974ರಲ್ಲಿ ಘೋಷಣೆಯಾದದ್ದು. ಅಗಲ ಕಡಿಮೆ, ಉದ್ದ ಹೆಚ್ಚು. ಅಂದರೆ ಕಾಡಿನ ವಿಸ್ತಾರಕ್ಕೆ ಹೋಲಿಸಿದರೆ ಊರಿಗೆ ತಾಗುವ ಅಂಚೇ ಬಹಳ. ದಕ್ಷಿಣಕ್ಕೆ ಕಾವೇರಿ ವನ್ಯಜೀವಿಧಾಮ. 1987ರಲ್ಲಿ ಆರಂಭವಾಗಿ 2013ರಲ್ಲಿ ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿ ವಿಸ್ತರಿಸಿತು. ಅಲ್ಲಿಂದಾಚೆ ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ತಮಿಳುನಾಡಿನ ಹೊಸೂರು ಕಡೆಯ ಕಾಡುಗಳು ಒಂದಕ್ಕೊಂದು ಕೂಡಿಕೊಂಡಿವೆ. ಇತ್ತ ನಮ್ಮ ಕಡೆಗೆ ಬಂದರೆ ಕಬ್ಬಾಳು, ತೆಂಗಿನಕಲ್ಲು, ಸಾವನದುರ್ಗ ಎಂದು ಬಿಡಿಬಿಡಿಯಾದ ಕಾಡಿನ ತುಂಡುಗಳು. ತುಂಡು ತುಂಡುಗಳ ನಡುವೆ ರಾಗಿ, ಬಾಳೆ, ತೆಂಗು, ಮಾವು, ಹಿಪ್ಪುನೇರಳೆ. ಆನೆ ಒಂದು ತುಂಡಿನಿಂದ ಮತ್ತೊಂದಕ್ಕೆ ಹೋಗಬೇಕಾದರೆ ನಮ್ಮ ಹೊಲ ದಾಟಲೇಬೇಕು. ಹಗಲಲ್ಲಿ ಬೆಟ್ಟದ ಮರೆಯಲ್ಲಿ ನಿಂತು ಕತ್ತಲಾದ ಮೇಲೆ ಇಳಿದು ಬರುತ್ತದೆ.

2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಇದು ಹೆಮ್ಮೆಯ ವಿಷಯವೇ. ಆದರೆ ಕಾಡೊಳಗಿನ ಸ್ಥಿತಿ ಏನು? ದನ ಕಾಯುವವರನ್ನು ಕೇಳಿ, ಅವರು ಹೇಳುತ್ತಾರೆ: ಹುಲ್ಲು ಇದ್ದ ಕಡೆಯಲ್ಲೆಲ್ಲ ಲಂಟಾನ ಹಬ್ಬಿದೆ. ಅದನ್ನು ಆನೆಯೂ ಮೇಯದು, ಜಿಂಕೆಯೂ ಮೇಯದು. ಬೇಸಿಗೆಯಲ್ಲಿ ಕಾಡಿನ ಕಟ್ಟೆಗಳು ಬತ್ತುತ್ತವೆ. ಬೆಟ್ಟದಂಚಿನಲ್ಲಿ ಕಲ್ಲುಗಣಿಗಳ ಸಿಡಿತ, ಬೆಂಗಳೂರಿನಿಂದ ಹಬ್ಬಿದ ಬಡಾವಣೆಗಳು, ರೆಸಾರ್ಟುಗಳು. 2023ರಿಂದ ಮೈಸೂರಿಗೆ ಹೋಗುವ ಹತ್ತು ಸಾಲಿನ ಹೆದ್ದಾರಿ. ಆನೆಯ ಹಾದಿಗೆ ಅಡ್ಡವಾಗಿ ನಾವು ಕಟ್ಟಿಕೊಂಡದ್ದು ಒಂದೆರಡಲ್ಲ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಂಚನಬೆಲೆ, ಹಾರೋಬೆಲೆ, ಕಣ್ವ, ಇಗ್ಗಲೂರು ಜಲಾಶಯಗಳು, ಏತ ನೀರಾವರಿಯಿಂದ ತುಂಬಿದ ಚನ್ನಪಟ್ಟಣದ ಕೆರೆಗಳು ನಮಗೆ ದೇವರ ವರ. ಬರದ ನಾಡು ಹಸಿರಾಯಿತು, ಬಾಳೆ ತೆಂಗು ಎದ್ದವು. ಬೇಸಿಗೆಯಲ್ಲಿ ನೀರೂ ನೆರಳೂ ಮೇವೂ ಒಟ್ಟಿಗೆ ಇರುವ ಜಾಗ ಆನೆಗೂ ಕಾಣದೆ ಇರುತ್ತದೆಯೇ? ನಮ್ಮ ಏಳಿಗೆಯೇ ಅದನ್ನು ಕರೆದಿದೆ. ಇದರಲ್ಲಿ ರೈತನ ತಪ್ಪೇನೂ ಇಲ್ಲ, ಆನೆಯ ತಪ್ಪೂ ಇಲ್ಲ.

ಜೊತೆಗೆ ಹಳ್ಳಿಯೂ ಬದಲಾಗಿದೆ. ಹಿಂದೆ ಹೊಲದ ಅಟ್ಟಣೆಯ ಮೇಲೆ ಅಣ್ಣತಮ್ಮಂದಿರು ನಾಲ್ವರು ಸೇರಿ ಬೆಂಕಿ ಹಾಕಿಕೊಂಡು, ಹಾಡಿಕೊಂಡು ರಾತ್ರಿ ಕಾಯುತ್ತಿದ್ದರು. ಈಗ ಮಕ್ಕಳು ಬೆಂಗಳೂರಿನ ಕಾರ್ಖಾನೆಗಳಲ್ಲಿ. ಕಾಯಲು ಉಳಿದಿರುವುದು ಅರವತ್ತು ದಾಟಿದ ಅಪ್ಪ, ಒಬ್ಬನೇ. ಒಬ್ಬನೇ ಕಾಯಲಾಗದವನು ತಂತಿಗೆ ಕೈಹಾಕುತ್ತಾನೆ.

ಸಿದ್ದ ಎಂಬ ಆನೆ

2016ರಲ್ಲಿ ನಮ್ಮ ಸೀಮೆಯಲ್ಲೇ ನಡೆದದ್ದನ್ನು ಹಲವರು ಮರೆತಿರಲಾರರು. ಸಿದ್ದ ಎಂದು ಜನ ಕರೆಯುತ್ತಿದ್ದ ಕಾಡಾನೆ ಮುಂಗಾಲಿಗೆ ಏಟು ಬಿದ್ದು ಮಂಚನಬೆಲೆ ಹಿನ್ನೀರಿನ ಬಳಿ ನಿಂತುಬಿಟ್ಟಿತು. ವಾರಗಟ್ಟಲೆ ಅದು ನೋವು ತಿಂದಿತು. ಊರವರು ಹಣ್ಣು, ಮೇವು ತಂದುಕೊಟ್ಟರು. ಅದರಿಂದ ಬೆಳೆ ಕಳೆದುಕೊಂಡ ಹಳ್ಳಿಗಳ ಜನರೇ ಪ್ರಾರ್ಥಿಸಿದರು. ಪಶುವೈದ್ಯರು ಬಂದರು. ಅದು ಒರಗಿ ನಿಲ್ಲಲೆಂದು ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಕಬ್ಬಿಣದ ಆಸರೆ ಕಟ್ಟಿಕೊಟ್ಟರು. ಆದರೂ ಡಿಸೆಂಬರಿನಲ್ಲಿ ಅದು ಸತ್ತಿತು.

ಈ ಘಟನೆಯಲ್ಲಿ ಮನಸ್ಸಿಗೆ ಹಿತವಾದದ್ದೂ ಇದೆ, ಚುಚ್ಚುವುದೂ ಇದೆ. ಬಿದ್ದ ಆನೆಗಾಗಿ ಬೆಂಗಳೂರಿನ ಜನ ಮರುಗಿದರು, ಪತ್ರಿಕೆಗಳು ದಿನವೂ ಬರೆದವು. ಒಳ್ಳೆಯದೇ. ಆದರೆ ಅದೇ ಹೊತ್ತಿಗೆ ಬೆಳೆ ಹೋಗಿ ಸಾಲಕ್ಕೆ ಬಿದ್ದ ರೈತನ ಮನೆಗೆ ಅಷ್ಟು ಜನ ಹೋಗಿದ್ದರೇ? ಕಾಡುಪ್ರಾಣಿ ಉಳಿದರೆ ನಾಡಿಗೆಲ್ಲ ಒಳಿತು: ಮಳೆಗೆ, ನದಿಗೆ, ಮುಂದಿನ ತಲೆಮಾರಿಗೆ. ಅದರ ಬೆಲೆ ತೆರುವವನು ಮಾತ್ರ ಕಾಡಂಚಿನ ಎರಡೆಕರೆ ರೈತ. ಇದು ಕರುಣೆಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ಪವಿತ್ರ ಗ್ರಂಥ ಏನು ಹೇಳುತ್ತದೆ?

ದೇವರು ಮನುಷ್ಯನಿಗೆ ಭೂಮಿಯ ಮೇಲೆ, ಪ್ರಾಣಿಗಳ ಮೇಲೆ ಅಧಿಕಾರ ಕೊಟ್ಟರು ಎಂಬುದು ಆದಿಕಾಂಡದ ಮೊದಲ ಅಧ್ಯಾಯದಲ್ಲಿದೆ (1:28). ಇಷ್ಟನ್ನೇ ಹಿಡಿದುಕೊಂಡು "ಪ್ರಾಣಿ ನಮ್ಮ ಕಾಲ್ಕೆಳಗೆ" ಎನ್ನುವವರಿದ್ದಾರೆ. ಎರಡನೆಯ ಅಧ್ಯಾಯವನ್ನೂ ಓದಬೇಕು. ಅಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ವ್ಯವಸಾಯ ಮಾಡುವುದಕ್ಕೆ ಮತ್ತು ಕಾಯುವುದಕ್ಕೆ (2:15). ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಈ ಎರಡು ವಾಕ್ಯಗಳನ್ನು ಒಟ್ಟಿಗೆ ಇಟ್ಟು ಓದಬೇಕೆಂದು ತಿಳಿಸಿ, ಮನುಷ್ಯನ ಒಡೆತನ ಲಂಗುಲಗಾಮಿಲ್ಲದ ಒಡೆತನವಲ್ಲವೆಂದು ಸ್ಪಷ್ಟಪಡಿಸಿದರು. ಜಲಪ್ರಳಯದ ನಂತರ ದೇವರು ಮಾಡಿದ ಒಡಂಬಡಿಕೆ ನೋಹನೊಡನೆ ಮಾತ್ರವಲ್ಲ, ನಾವೆಯಿಂದ ಹೊರಬಂದ ಪ್ರತಿಯೊಂದು ಜೀವಿಯೊಡನೆಯೂ ಆದದ್ದು (9:9–10). ಮಳೆಬಿಲ್ಲು ಆನೆಗೂ ಸೇರಿದ ಗುರುತು.

ನನಗೆ ಅತ್ಯಂತ ಉಪಯುಕ್ತವಾಗಿ ಕಂಡಿರುವುದು 104ನೆಯ ಕೀರ್ತನೆ. ಕೀರ್ತನೆಗಾರ ಅಲ್ಲಿ ಒಂದು ದಿನಚರಿಯನ್ನೇ ಬರೆದಿದ್ದಾನೆ. ಕತ್ತಲಾದಾಗ ಕಾಡಿನ ಮೃಗಗಳು ಹೊರಬಂದು ದೇವರಿಂದ ಆಹಾರ ಕೇಳುತ್ತವೆ. ಸೂರ್ಯ ಹುಟ್ಟಿದಾಗ ಗವಿಗೆ ಮರಳುತ್ತವೆ. ಆಗ ಮನುಷ್ಯ ಎದ್ದು ಕೆಲಸಕ್ಕೆ ಹೋಗಿ ಸಂಜೆಯವರೆಗೆ ದುಡಿಯುತ್ತಾನೆ (20–23). ಒಂದೇ ನೆಲ, ಇಬ್ಬರಿಗೆ, ಹಂಚಿಕೊಂಡಿರುವುದು ಹೊತ್ತನ್ನು. ಇಂದು ಈ ಹಂಚಿಕೆ ಕೆಟ್ಟಿದೆ. ಹೊಲದ ಮೋಟಾರಿಗೆ ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ರೈತ ಕತ್ತಲಲ್ಲೇ ಪಂಪ್‌ಸೆಟ್ ಹಾಕಲು ಹೋಗಬೇಕು. ಆನೆ ತುಳಿತಕ್ಕೆ ಸಿಗುವವರನ್ನು ನೋಡಿ: ನಸುಕಿನಲ್ಲಿ ಬಯಲಿಗೆ ಹೋದವರು, ಹಾಲು ಹಾಕಲು ಹೊರಟವರು, ನೀರು ಕಟ್ಟಲು ಹೋದವರು. ಕಾಡಂಚಿನ ಹಳ್ಳಿಗಳಿಗೆ ಹಗಲು ಹೊತ್ತಿನಲ್ಲಿ ಕರೆಂಟು ಕೊಡಿ ಎಂದು ಕೇಳುವುದು ಬರೀ ರೈತ ಸಂಘದ ಬೇಡಿಕೆಯಲ್ಲ, ಕೀರ್ತನೆಯ ಪ್ರಕಾರವೂ ನ್ಯಾಯವಾದ ಬೇಡಿಕೆ.

ಧರ್ಮಸಭೆ ಎರಡು ಅತಿರೇಕಗಳನ್ನೂ ಒಪ್ಪುವುದಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಪ್ರಾಣಿಗಳಿಗೆ ನಾವು ದಯೆ ತೋರಬೇಕೆಂದೂ, ಅಗತ್ಯವಿಲ್ಲದೆ ಅವನ್ನು ಹಿಂಸಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ತಕ್ಕುದಲ್ಲವೆಂದೂ ಬೋಧಿಸುತ್ತದೆ. ಮನುಷ್ಯರ ಕಷ್ಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ಸಲ್ಲದೆಂದು ಅಲ್ಲಿಯೇ ಇದೆ (2416–2418). ಪ್ರಾಣಿ ಪಾಪ ಮಾಡಲಾರದು. ಅದಕ್ಕೆ ವಿವೇಚನೆಯ ಇಚ್ಛೆಯಿಲ್ಲ ಎಂದು ಸಂತ ಥಾಮಸ್ ಅಕ್ವಿನಾಸರ ಕಾಲದಿಂದ ಕಲಿಸುತ್ತ ಬಂದಿದ್ದೇವೆ. ಹಾಗಿರುವಾಗ ಆನೆಯ ಮೇಲೆ 'ಸೇಡು' ತೀರಿಸಿಕೊಳ್ಳುವುದಕ್ಕೆ ಅರ್ಥವೇ ಇಲ್ಲ.

ತಂತಿಯ ಪ್ರಶ್ನೆಗೆ ಉತ್ತರ

ಸೌರ ಬೇಲಿಯನ್ನೂ ಕಂಬದಿಂದ ಎಳೆದ ತಂತಿಯನ್ನೂ ಒಂದೇ ಎಂದು ತಿಳಿಯಬೇಡಿ. ಸೌರ ಬೇಲಿಯ ಯಂತ್ರ ಸೆಕೆಂಡಿಗೊಮ್ಮೆಯಂತೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಒಂದು ಹೊಡೆತ ಕೊಟ್ಟು ನಿಲ್ಲುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯಲು ಸಮಯವಿರುತ್ತದೆ. ಕಂಬದ 230 ವೋಲ್ಟಿನ ಕರೆಂಟು ನಿಲ್ಲದೆ ಹರಿಯುತ್ತದೆ. ಮುಟ್ಟಿದ ಕೈ ಬಿಗಿದುಕೊಂಡು ತಂತಿಯನ್ನು ಬಿಡಲಾಗದು. ಮೊದಲನೆಯದು ಹೆದರಿಸುವ ಬೇಲಿ, ಎರಡನೆಯದು ಕೊಲ್ಲುವ ಬಲೆ.

"ಹಂದಿಗೆಂದು ಹಾಕಿದ್ದು ಸ್ವಾಮಿ, ಆನೆಗಲ್ಲ, ಮನುಷ್ಯರಿಗಂತೂ ಅಲ್ಲವೇ ಅಲ್ಲ" ಎನ್ನುತ್ತಾರೆ. ವಿಮೋಚನಾಕಾಂಡ ಈ ವಾದಕ್ಕೆ ಎಂದೋ ಉತ್ತರ ಕೊಟ್ಟಿದೆ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು, ಅದರಲ್ಲಿ ಬಿದ್ದು ಸತ್ತ ಎತ್ತಿಗೋ ಕತ್ತೆಗೋ ಬೆಲೆ ಕಟ್ಟಿಕೊಡಬೇಕು (21:33–34). ಎತ್ತನ್ನು ಕೊಲ್ಲಬೇಕೆಂದು ಅವನು ಗುಂಡಿ ತೋಡಿರಲಿಲ್ಲ. ಆದರೂ ಹೊಣೆ ಅವನದೇ. ಹಾಯುವ ಎತ್ತು ತನ್ನ ಬಳಿ ಇದೆಯೆಂದು ಗೊತ್ತಿದ್ದೂ, ಜನ ಎಚ್ಚರಿಸಿದ್ದರೂ, ಕಟ್ಟಿಹಾಕದೆ ಬಿಟ್ಟವನ ಹೊಣೆ ಇನ್ನೂ ದೊಡ್ಡದು (21:29). ಕತ್ತಲಲ್ಲಿ ಕಾಣದ ತಂತಿಯಲ್ಲಿ ಸಾವು ಹರಿಯುತ್ತಿದೆಯೆಂದು ಅದನ್ನು ಕಟ್ಟಿದವನಿಗೆ ಚೆನ್ನಾಗಿ ಗೊತ್ತು. ನಾಳೆ ಮುಂಜಾನೆ ಆ ಬದುವಿನ ಮೇಲೆ ನಡೆದು ಬರುವವರು ಪಕ್ಕದ ಹೊಲದ ಕೂಲಿ ಹೆಂಗಸಿರಬಹುದು, ಕುರಿಯ ಹಿಂದೆ ಓಡುವ ಹುಡುಗನಿರಬಹುದು, ಸ್ವಿಚ್ ಆರಿಸಲು ಮರೆತ ಮನೆಯ ಯಜಮಾನನೇ ಇರಬಹುದು. ಇಂಥ ಸಾವುಗಳನ್ನು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಆದುದರಿಂದ ಉತ್ತರ ಇದು: ಕಂಬದ ಕರೆಂಟನ್ನು ಬೇಲಿಗೆ ಬಿಡುವುದು ಐದನೆಯ ಆಜ್ಞೆಯ ವಿರುದ್ಧವಾದ ಗಂಭೀರ ವಿಷಯ. ಯಾರೂ ಸಾಯದೆ ಬೆಳಗಾದರೂ ಹಾಗೆಯೇ. ದೇಶದ ಕಾನೂನೂ ಇದನ್ನು ಅಪರಾಧವೆನ್ನುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಆನೆ ಮೊದಲ ಅನುಸೂಚಿಯಲ್ಲಿದೆ.

ಉರುಳು, ಸಿಡಿಮದ್ದಿನ ಉಂಡೆಗಳಿಗೂ ಇದೇ ಮಾತು. ಹಂದಿಯ ಉರುಳಿಗೆ ಚಿರತೆ ಸಿಕ್ಕಿ ಹೊಟ್ಟೆ ಕೊಯ್ದುಕೊಂಡು ಸಾಯುತ್ತದೆ, ಕರಡಿ ಸಿಗುತ್ತದೆ, ಮನೆಯ ನಾಯಿಯೂ ಸಿಗುತ್ತದೆ. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಾಯಲ್ಲಿ ಪಟಾಕಿ ಸಿಡಿದು, ಏನನ್ನೂ ತಿನ್ನಲಾಗದೆ ಹೊಳೆಯಲ್ಲಿ ನಿಂತೇ ಸತ್ತ ಗಬ್ಬದ ಆನೆಯ ಚಿತ್ರವನ್ನು ನೀವೂ ನೋಡಿದ್ದೀರಿ. ಇನ್ನು ಗುಂಡಿಯ ಮಾತು ಬಂದದ್ದರಿಂದ ಹೇಳುತ್ತೇನೆ: ನಿಮ್ಮ ಹೊಲದಲ್ಲಿ ಕಟ್ಟೆಯಿಲ್ಲದ ಹಳೆಯ ಬಾವಿ ಇದ್ದರೆ ಈ ತಿಂಗಳೇ ಸುತ್ತ ಕಲ್ಲು ಏರಿಸಿ. ವಿಮೋಚನಾಕಾಂಡದ ಆ ವಾಕ್ಯ ಅಕ್ಷರಶಃ ಅದರ ಬಗ್ಗೆಯೇ ಇದೆ.

ಹಾಗಾದರೆ ಮಾಡುವುದೇನು?

ಎಲ್ಲಕ್ಕಿಂತ ಮೊದಲು, "ಹಿಡಿದುಕೊಂಡು ಹೋಗಿಬಿಡಲಿ" ಎಂಬ ಒಂದೇ ಪರಿಹಾರಕ್ಕೆ ಜೋತುಬೀಳಬಾರದು. ಹೈಕೋರ್ಟಿನ ಆದೇಶದಂತೆ ರಚನೆಯಾಗಿ, ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಕೊಟ್ಟ ಕರ್ನಾಟಕ ಆನೆ ಕಾರ್ಯಪಡೆ, ಆನೆಗೆ ಮೀಸಲಾದ ಪ್ರದೇಶ, ಜನ-ಆನೆ ಹೊಂದಿಕೊಂಡು ಇರಬೇಕಾದ ಪ್ರದೇಶ, ಆನೆಯನ್ನು ತೆಗೆಯಬೇಕಾದ ಪ್ರದೇಶ ಎಂದು ಮೂರು ಬಗೆ ಮಾಡಿತು. ಅದರಂತೆ ಹಾಸನದ ಆಲೂರು, ಸಕಲೇಶಪುರ ಕಡೆಯಿಂದ 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಮತ್ತೆ ಆನೆಗಳು, ಮತ್ತೆ ಸಾವುಗಳು. ಖಾಲಿಯಾದ ಜಾಗಕ್ಕೆ ಬೇರೆ ಆನೆ ಬಂದು ಸೇರಿತು.

ಚಿರತೆಯದೂ ಇದೇ ಕಥೆ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಚಿರತೆ ಒಂದು ಪುಟ್ಟ ಮಗುವನ್ನೂ ಒಬ್ಬ ವೃದ್ಧೆಯನ್ನೂ ಬಲಿ ತೆಗೆದುಕೊಂಡ ನೋವು ಇನ್ನೂ ಆರಿಲ್ಲ. ಮನುಷ್ಯರ ಮೇಲೆ ಬಿದ್ದ ಚಿರತೆಯನ್ನು ಹಿಡಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಣ್ಣಿಗೆ ಬಿದ್ದ ಚಿರತೆಗಳನ್ನೆಲ್ಲ ಬೋನಿಗೆ ಹಾಕಿ ದೂರದ ಕಾಡಿಗೆ ಬಿಟ್ಟರೆ? ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರ ನಂತರ ಹಾಗೆ ಮಾಡಿ ನೋಡಿದರು. ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಧ್ಯಯನ ಮಾಡಿದಾಗ ಮನುಷ್ಯರ ಮೇಲಿನ ದಾಳಿಗಳು ಕಡಿಮೆಯಾಗುವ ಬದಲು ಹೆಚ್ಚಾಗಿದ್ದವು. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ಗಾಬರಿಗೊಂಡು ಇನ್ನಷ್ಟು ಅಪಾಯಕಾರಿಯಾಗುತ್ತದೆ. ಚಿರತೆ ಊರಿಗೆ ಬರುವುದು ಹೆಚ್ಚಾಗಿ ನಾಯಿಗೆ, ಕುರಿಗೆ, ಕೋಳಿ ಅಂಗಡಿಯವರು ಊರ ಹೊರಗೆ ಸುರಿದ ಕಸಕ್ಕೆ. ಕೊಟ್ಟಿಗೆಗೆ ಗಟ್ಟಿ ಬಾಗಿಲು, ಬೀದಿಗೆ ದೀಪ, ಮನೆಗೆ ಶೌಚಾಲಯ, ಸಂಜೆಯಾದ ಮೇಲೆ ಮಕ್ಕಳು ಒಬ್ಬೊಬ್ಬರೇ ಅಂಗಳದಲ್ಲಿ ಇಲ್ಲದಿರುವುದು, ಇವು ಬೋನಿಗಿಂತ ಹೆಚ್ಚು ಜೀವ ಉಳಿಸುತ್ತವೆ.

ಆನೆಗೆ ಹಳೆಯ ರೈಲು ಹಳಿಗಳ ಬೇಲಿ ಗಟ್ಟಿಯಾದ ತಡೆ. ಖರ್ಚು ಬಹಳ, ಸರ್ಕಾರವೇ ಹಾಕಬೇಕು. ಅದೂ ಎಲ್ಲ ಕಡೆಗೆ ಸಲ್ಲದು. 2018ರಲ್ಲಿ ನಾಗರಹೊಳೆಯಲ್ಲಿ ಹಳಿ ಬೇಲಿಯನ್ನು ದಾಟಲು ಹೋದ ಗಂಡಾನೆ ಅದರಲ್ಲೇ ಸಿಕ್ಕಿಕೊಂಡು ಸತ್ತಿತು. ಆನೆಯ ಹಾದಿಯನ್ನೇ ಅಡ್ಡಗಟ್ಟಿದರೆ ಅದು ಪಕ್ಕದ ಊರಿಗೆ ತಿರುಗುತ್ತದೆ. ನಮ್ಮ ನೆಮ್ಮದಿಗೆ ನೆರೆಯವನ ಹೊಲ ಬೆಲೆಯಾಗುತ್ತದೆ. ಬೇಲಿ ಎಲ್ಲಿ ಬೇಕು, ಹಾದಿ ಎಲ್ಲಿ ಬಿಡಬೇಕು ಎಂಬುದನ್ನು ಊರೂರು ಕೂಡಿ ಕುಳಿತು ಅರಣ್ಯ ಇಲಾಖೆಯೊಂದಿಗೆ ತೀರ್ಮಾನಿಸಬೇಕು.

ಸೌರ ಬೇಲಿ ಬಡವರಿಗೆ ಎಟಕುವ ದಾರಿ. ಆದರೆ ಅದರ ಕಥೆ ಹಲವೆಡೆ ಒಂದೇ: ಹಾಕಿದ ವರ್ಷ ಚೆನ್ನಾಗಿರುತ್ತದೆ, ಮರುವರ್ಷ ತಂತಿಗೆ ಹುಲ್ಲು ತಾಗಿ ಹೊಡೆತ ಇಳಿದುಹೋಗುತ್ತದೆ, ಮೂರನೆಯ ವರ್ಷ ಬ್ಯಾಟರಿ ಕಾಣೆ. ಆನೆ ದಿನವೂ ಬೇಲಿಯನ್ನು ಪರೀಕ್ಷಿಸುತ್ತದೆ, ನಾವು ಪರೀಕ್ಷಿಸುವುದಿಲ್ಲ! ಹತ್ತು ಮನೆಯವರು ಸೇರಿ ಒಂದೇ ಬೇಲಿ ಹಾಕಿ, ವಾರಕ್ಕೊಬ್ಬರಂತೆ ಹುಲ್ಲು ಸವರುವ ಸರದಿ ಇಟ್ಟುಕೊಂಡರೆ ಅದು ನಿಲ್ಲುತ್ತದೆ. ಖಾದಿ ಗ್ರಾಮೋದ್ಯೋಗ ಆಯೋಗವು 2021ರಲ್ಲಿ ಕೊಡಗಿನಲ್ಲಿ ಜೇನುಪೆಟ್ಟಿಗೆಗಳ ಬೇಲಿಯನ್ನೂ ಆರಂಭಿಸಿತು. ಜೇನಿಗೆ ಆನೆ ಹೆದರುತ್ತದೆಂಬುದನ್ನು ಕೀನ್ಯಾದಲ್ಲಿ ಮೊದಲೇ ಕಂಡುಕೊಂಡಿದ್ದರು. ಜೇನು ಸಾಕುವ ಅಭ್ಯಾಸವಿದ್ದವರು ಪ್ರಯತ್ನಿಸಬಹುದು.

ಜೀವ ಉಳಿಸುವುದರಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿರುವುದು ಮಾತ್ರ ತಂತಿಯೂ ಅಲ್ಲ, ಹಳಿಯೂ ಅಲ್ಲ, ಸುದ್ದಿ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆ ಎಲ್ಲಿದೆಯೆಂದು ಸಂಜೆಯೇ ಮೊಬೈಲಿಗೆ ಸಂದೇಶ ಕಳುಹಿಸುವ, ಕೆಂಪು ದೀಪ ಹೊತ್ತಿಸುವ ವ್ಯವಸ್ಥೆ 2011ರ ಸುಮಾರಿಗೆ ಬಂತು. ನಂತರ ಅಲ್ಲಿ ಆನೆಯಿಂದ ಸಾಯುವವರ ಸಂಖ್ಯೆ ತೀರ ಇಳಿಯಿತು. ಹಾಸನದಲ್ಲೂ ಅದೇ ಮಾದರಿ ಬಂದಿದೆ. ನಮ್ಮ ಊರುಗಳಲ್ಲಿ ಯುವಕರ ಕೈಯಲ್ಲಿ ಮೊಬೈಲ್ ಇದೆ, ದೇವಾಲಯದಲ್ಲಿ ಗಂಟೆಯಿದೆ, ಧ್ವನಿವರ್ಧಕವಿದೆ. ಆನೆ ಇಳಿದ ಸುದ್ದಿ ಬಂದ ಕೂಡಲೇ ಜಾತಿ ಮತ ನೋಡದೆ ಊರಿಗೆಲ್ಲ ತಿಳಿಸಲು ಅವನ್ನು ಬಳಸಿದರೆ ತಪ್ಪೇನು? ಒಂದು ಎಚ್ಚರಿಕೆ: ಸುದ್ದಿ ತಿಳಿದು ಗುಂಪುಗುಂಪಾಗಿ ಆನೆ ನೋಡಲು, ಕಲ್ಲು ಹೊಡೆಯಲು, ಮೊಬೈಲಿನಲ್ಲಿ ಚಿತ್ರ ತೆಗೆಯಲು ಓಡುವವರಿಂದಲೇ ಅನಾಹುತ. ನಾಲ್ಕೂ ಕಡೆಯಿಂದ ಬೊಬ್ಬೆ ಹಾಕಿದರೆ ಆನೆ ಯಾವ ಕಡೆ ಓಡಬೇಕು? ಕುಡಿದು ರಾತ್ರಿ ಒಬ್ಬರೇ ಹೊಲದ ದಾರಿಯಲ್ಲಿ ಬರುವವರ ಬಗ್ಗೆ ಅವರ ಹೆಂಡತಿಯರೇ ಸಾಕಷ್ಟು ಹೇಳುತ್ತಿದ್ದಾರೆ, ನಾನು ಸೇರಿಸುವುದಿಲ್ಲ.

ಕೊಯ್ದ ರಾಗಿಯನ್ನು ಹೊಲದಲ್ಲೇ ಮೆದೆ ಹಾಕಿ ವಾರಗಟ್ಟಲೆ ಬಿಡಬೇಡಿ. ಊರ ಕಣದಲ್ಲಿ ಒಟ್ಟಿಗೆ ಒಕ್ಕಣೆ ಮಾಡಿ. ಕಾಯುವುದಾದರೆ ಇಬ್ಬರು ಮೂವರು ಸೇರಿ, ಪಾಳಿಯ ಮೇಲೆ, ಎತ್ತರದ ಅಟ್ಟಣೆಯಲ್ಲಿ. ನಮ್ಮ ರಾಗಿ ಸುಗ್ಗಿ ಬರುವುದು ಆಗಮನ ಕಾಲದಲ್ಲಿ. ಬೆತ್ಲೆಹೇಮಿನ ಬಯಲಿನಲ್ಲಿ ರಾತ್ರಿ ಕಾಯುತ್ತಿದ್ದ ಕುರುಬರಿಗೇ ಶುಭವಾರ್ತೆ ಮೊದಲು ತಲುಪಿತೆಂಬುದನ್ನು ಕ್ರಿಸ್ತಜಯಂತಿಯ ರಾತ್ರಿ ಅಟ್ಟಣೆಯ ಮೇಲಿರುವವರು ನೆನೆಯಬಹುದು. ಅವರ ಮನೆಯವರಿಗೆ ಅನುಕೂಲವಾಗುವಂತೆ ಪೂಜೆಯ ಸಮಯವನ್ನು ಬೇಗ ಇಡುವುದು ಗುರುಗಳ ಕರ್ತವ್ಯ.

ಗುಬ್ಬಿಯೊ ಪಟ್ಟಣದ ತೋಳವನ್ನು ಅಸಿಸಿಯ ಸಂತ ಫ್ರಾನ್ಸಿಸರು ಸಾಧು ಮಾಡಿದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅರ್ಧ ಕಥೆಯನ್ನೇ ಹೇಳುತ್ತೇವೆ. ಫ್ರಾನ್ಸಿಸರು ತೋಳಕ್ಕೆ ಮಾತ್ರ ಬುದ್ಧಿ ಹೇಳಲಿಲ್ಲ. ಅದು ಹಸಿವಿನಿಂದ ಹೀಗೆ ಮಾಡಿತೆಂದು ಊರವರಿಗೆ ತಿಳಿಸಿ, ಅವರಿಂದಲೂ ಮಾತು ತೆಗೆದುಕೊಂಡರು. ಎರಡೂ ಕಡೆಯವರು ಒಪ್ಪಂದಕ್ಕೆ ಬದ್ಧರಾದರು. (ಹಾಗೆಂದು ಆನೆಗೆ ಬಾಳೆಗೊನೆ ತೋರಿಸಲು ಹೋಗಬೇಡಿ! ಕಾಡಿನಲ್ಲಿ ಲಂಟಾನ ಕಿತ್ತು ಹುಲ್ಲು ಬೆಳೆಸುವುದು, ಕಟ್ಟೆಗಳ ಹೂಳೆತ್ತುವುದು, ಇವೇ ಇಂದು ನಾವು ಕೊಡಬಹುದಾದ ಊಟ.) ಏಳನೆಯ ವರ್ಷ ಹೊಲವನ್ನು ಬೀಳು ಬಿಟ್ಟು, ಬಡವರು ತಿಂದು ಮಿಕ್ಕಿದ್ದನ್ನು ಕಾಡುಮೃಗಗಳಿಗೆ ಬಿಡಬೇಕೆಂಬ ನಿಯಮವೂ ವಿಮೋಚನಾಕಾಂಡದಲ್ಲಿದೆ (23:11). ಆ ಸಾಲಿನಲ್ಲಿ ಬಡವರು ಮೊದಲು, ಮೃಗಗಳು ನಂತರ; ಇಬ್ಬರೂ ಇದ್ದಾರೆ.

ಪರಿಹಾರದ ಹಣ

ಬೆಳೆ ಹಾನಿಗೆ, ಜಾನುವಾರು ಸತ್ತರೆ, ಮನುಷ್ಯರಿಗೆ ಗಾಯವಾದರೆ ಅಥವಾ ಜೀವಹಾನಿಯಾದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಮೊತ್ತ ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲೇ ಕೇಳಿ ತಿಳಿಯಿರಿ. ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಓಡಾಟಕ್ಕೆ ಕೂಲಿ ಹೋಗುತ್ತದೆ, ಬರುವುದು ತಡವಾಗುತ್ತದೆ ಎನ್ನುತ್ತಾರೆ. ಬಂಡೀಪುರ, ನಾಗರಹೊಳೆ ಸುತ್ತಿನ ಹಳ್ಳಿಗಳಲ್ಲಿ 2015ರಿಂದ 'ವೈಲ್ಡ್ ಸೇವೆ' ಎಂಬ ಯೋಜನೆಯವರು, ರೈತ ಫೋನ್ ಮಾಡಿದರೆ ಹೊಲಕ್ಕೇ ಬಂದು ಚಿತ್ರ ತೆಗೆದು, ಕಾಗದಪತ್ರ ಸಿದ್ಧಪಡಿಸಿ ಅರ್ಜಿ ಹಾಕಿಕೊಡುತ್ತಾರೆ. ನಮ್ಮ ಧರ್ಮಕೇಂದ್ರಗಳ ಯುವಜನರು, ವಿನ್ಸೆಂಟ್ ದಿ ಪೌಲ್ ಸಭೆಯವರು ಇದೇ ಸೇವೆಯನ್ನು ಮಾಡಲು ಹಣವೇನೂ ಬೇಕಿಲ್ಲ. ತುಳಿತವಾದ ಬೆಳಿಗ್ಗೆಯೇ, ಹೊಲವನ್ನು ಸರಿಪಡಿಸುವ ಮೊದಲೇ, ಹೆಜ್ಜೆ ಗುರುತು, ಹಾಳಾದ ಬೆಳೆಯ ಚಿತ್ರ ತೆಗೆಯಬೇಕು. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿ ಜೋಡಿಸಬೇಕು.

ಪಹಣಿ ಎಂದೊಡನೆ ತೊಡಕು ಶುರು. ಎಷ್ಟೋ ಮನೆಗಳಲ್ಲಿ ಪಹಣಿ ಇಂದಿಗೂ ತೀರಿಕೊಂಡ ತಾತನ ಹೆಸರಿನಲ್ಲಿದೆ. ಉಳುವ ವಿಧವೆ ಸೊಸೆಗೆ ಅರ್ಜಿ ಹಾಕಲಾಗದು. ಅಣ್ಣತಮ್ಮಂದಿರು ಕುಳಿತು ಮಾತಾಡಿ, ಸುಗ್ಗಿಗೆ ಮೊದಲೇ ಪೌತಿ ಖಾತೆ ಮಾಡಿಸಿಕೊಳ್ಳಿ. ಅದಕ್ಕಾಗಿ ಒಂದು ಭಾನುವಾರ ಸಾಕು.

ಇನ್ನು ವಾರಕ್ಕೆ ಹೊಲ ಮಾಡುವವರು. ಬಿತ್ತನೆ ಬೀಜ, ಗೊಬ್ಬರ, ದುಡಿಮೆ, ರಾತ್ರಿ ಕಾವಲು ಅವರದು. ಪರಿಹಾರದ ಹಣ ಬರುವುದು ಪಹಣಿಯಲ್ಲಿ ಹೆಸರಿರುವ ಒಡೆಯನ ಖಾತೆಗೆ. ಒಡೆಯ ಬೆಂಗಳೂರಿನಲ್ಲಿರುತ್ತಾನೆ, ಆನೆ ಬಂದದ್ದೇ ಅವನಿಗೆ ಗೊತ್ತಿರುವುದಿಲ್ಲ. ಆ ಹಣದಲ್ಲಿ ವಾರದವನ ಪಾಲನ್ನು ಲೆಕ್ಕ ಹಾಕಿ ಕೊಡದೆ ಇಟ್ಟುಕೊಳ್ಳುವುದು ಏಳನೆಯ ಆಜ್ಞೆಯ ವಿಷಯ. ನಮ್ಮ ವಿಶ್ವಾಸಿಗಳಲ್ಲಿ ಹೊಲವನ್ನು ವಾರಕ್ಕೆ ಕೊಟ್ಟು ಪಟ್ಟಣ ಸೇರಿದವರು ಕಡಿಮೆಯೇನಿಲ್ಲ. ಈ ಪುಟವನ್ನು ಓದುವವರಲ್ಲಿಯೂ ಇದ್ದಾರೆ. ಈ ಸುಗ್ಗಿಯಲ್ಲಿ ಊರಿಗೆ ಬಂದಾಗ ನಿಮ್ಮ ಹೊಲ ಮಾಡುವವರ ಮನೆಗೆ ಹೋಗಿ ಆನೆ ಎಷ್ಟು ಸಲ ಬಂತು, ಎಷ್ಟು ಹೋಯಿತು ಎಂದು ಕೇಳಿ, ಬ್ಯಾಂಕ್ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.